ರೇಖಾಗಣಿತದ ಅನಂತ ಬಿಂದುವೂ ಜಿನಾಗಮದ ಅನಂತವೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

  

ಜಿನವಾಣಿಯನ್ನು ನಮ್ಮ ಪೂರ್ವಾಚಾರ್ಯರು ಪ್ರಥಮಾನುಯೋಗ, ಕರಣಾನುಯೋಗ, ಚರಣಾನುಯೋಗ, ದ್ರವ್ಯಾನುಯೋಗ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಪ್ರತಿಷ್ಠಾ ಮಹೋತ್ಸವದ ದಿನಗಳಲ್ಲಿ ತೀರ್ಥಂಕರರ ಪುಣ್ಯಕಥೆಗಳನ್ನು ಕೇಳುತ್ತೇವೆ. ಶ್ರಾವಕಾಚಾರದ ಉಪದೇಶವನ್ನು ಕೇಳುತ್ತೇವೆ. ಆತ್ಮತತ್ತ್ವದ ವಿವೇಚನೆಯನ್ನೂ ಕೇಳುತ್ತೇವೆ. ಲೋಕದ ಆಕಾರ, ಪ್ರಮಾಣ, ಸಂಖ್ಯೆಗಳನ್ನು ವಿವರಿಸುವ ಕರಣಾನುಯೋಗ ಮಾತ್ರ ಸಾಮಾನ್ಯವಾಗಿ ಸಭೆಯ ಹೊರಗೇ ಉಳಿಯುತ್ತದೆ. ಅದು ಗಣಿತ, ಆದುದರಿಂದ ಶುಷ್ಕ, ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆ ಭಾವನೆ ಸರಿಯಲ್ಲವೆಂಬುದನ್ನು ಒಂದೇ ಒಂದು ವಿಷಯದ ಮೂಲಕ ನಿವೇದಿಸಿಕೊಳ್ಳುವುದು ಈ ಉಪನ್ಯಾಸದ ಉದ್ದೇಶ.

ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳು ಸಮಾಂತರ ರೇಖೆಗಳು ಅನಂತದಲ್ಲಿ ಸಂಧಿಸುತ್ತವೆ ಎಂಬ ಮಾತನ್ನು ಕೇಳುತ್ತಾರೆ. ಬಸದಿಗೆ ಬಂದರೆ ಆಕಾಶದ್ರವ್ಯ ಅನಂತಪ್ರದೇಶಿ, ಅದಕ್ಕೆ ಅಂತ್ಯವೇ ಇಲ್ಲ ಎಂಬ ಮಾತನ್ನು ಕೇಳುತ್ತಾರೆ. ಅಂತ್ಯವೇ ಇಲ್ಲದೆಡೆ ಎರಡು ರೇಖೆಗಳು ಹೋಗಿ ಸೇರುವುದು ಹೇಗೆ? ಹುಡುಗರ ಈ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳಿವೆ. ಪಾಶ್ಚಾತ್ಯರ ಗಣಿತ ಅವರಿಗಿರಲಿ, ನಮಗೆ ಆಗಮವೇ ಸಾಕು ಎಂಬುದು ಒಂದು. ಇದೆಲ್ಲವೂ ನಮ್ಮ ಆಗಮದಲ್ಲಿ ಮೊದಲೇ ಇದೆ, ಅವರು ಈಗ ಕಂಡುಕೊಂಡರು ಎಂಬುದು ಇನ್ನೊಂದು. ಮೊದಲನೆಯದು ಮಕ್ಕಳನ್ನು ಬಸದಿಯಿಂದ ದೂರಮಾಡುತ್ತದೆ. ಎರಡನೆಯದು ಅವರನ್ನು ಗ್ರಂಥದಿಂದ ದೂರಮಾಡುತ್ತದೆ. ಎಲ್ಲವೂ ಇದ್ದೇ ಇದೆ ಎಂದಮೇಲೆ ತೆರೆದು ನೋಡುವ ಅಗತ್ಯವಾದರೂ ಏನು? ಈ ಎರಡು ದಾರಿಗಳನ್ನೂ ಬಿಟ್ಟು ವಿಚಾರ ಮಾಡೋಣ.

ಕ್ರಿಸ್ತಪೂರ್ವ 300ರ ಸುಮಾರಿನಲ್ಲಿದ್ದ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಸಮಾಂತರ ರೇಖೆಗಳ ಲಕ್ಷಣವನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಒಂದೇ ಸಮತಲದಲ್ಲಿದ್ದು, ಎರಡು ದಿಕ್ಕುಗಳಲ್ಲಿಯೂ ಎಷ್ಟು ಬೆಳೆಸಿದರೂ ಸಂಧಿಸದ ಸರಳರೇಖೆಗಳೇ ಸಮಾಂತರ ರೇಖೆಗಳು. ಆದರೆ ಕಣ್ಣಿಗೆ ಕಾಣುವುದು ಬೇರೆ. 1430ರಲ್ಲಿ ಪೂರ್ಣಗೊಂಡ ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಎರಡು ಕಂಬಸಾಲುಗಳ ನಡುವೆ ನಿಂತು ಒಳಗೆ ನೋಡಿದವರಿಗೆ ಸಾಲುಗಳು ದೂರ ಹೋದಂತೆ ಒಂದನ್ನೊಂದು ಸಮೀಪಿಸುವಂತೆ ತೋರುತ್ತದೆ. ನೇರವಾದ ಉದ್ದ ರಸ್ತೆಯ ಎರಡು ಅಂಚುಗಳೂ ಹಾಗೆಯೇ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಕಲಾವಿದರು ಈ ತೋರಿಕೆಯ ನಿಯಮವನ್ನು ಅರಸುತ್ತಿದ್ದರು. 1435ರಲ್ಲಿ ಆಲ್ಬರ್ಟಿ ಎಂಬ ವಿದ್ವಾಂಸ ಚಿತ್ರಕಲೆಯನ್ನು ಕುರಿತು ಬರೆದ ಗ್ರಂಥದಲ್ಲಿ ಅದನ್ನು ನಿರೂಪಿಸಿದನು. ನೋಡುವವನಿಂದ ನೇರವಾಗಿ ದೂರಕ್ಕೆ ಸಾಗುವ ಸಮಾಂತರ ರೇಖೆಗಳೆಲ್ಲವನ್ನೂ ಚಿತ್ರದಲ್ಲಿ ಒಂದೇ ಬಿಂದುವಿನ ಕಡೆಗೆ ಎಳೆಯಬೇಕು. ಹೊರಗಿನ ಜಗತ್ತಿನಲ್ಲಿ ಎಲ್ಲಿಯೂ ಇಲ್ಲದ ಸಂಗಮ ಚಿತ್ರಪಟದ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದು ಚುಕ್ಕೆಯಾಯಿತು.

ಚಿತ್ರಕಾರರ ಈ ಚುಕ್ಕೆಯನ್ನು ಗಣಿತಜ್ಞರು ತಮ್ಮ ಶಾಸ್ತ್ರದೊಳಗೆ ಬರಮಾಡಿಕೊಳ್ಳಲು ಇನ್ನೂ ಸುಮಾರು ಎರಡು ಶತಮಾನಗಳು ಬೇಕಾದವು. 1604ರಲ್ಲಿ ಖಗೋಲಜ್ಞ ಕೆಪ್ಲರ್ ಬೆಳಕನ್ನು ಕುರಿತ ತನ್ನ ಗ್ರಂಥದಲ್ಲಿ, ಪರವಲಯಕ್ಕೂ ಎರಡು ನಾಭಿಗಳಿವೆಯೆಂದೂ ಅವುಗಳಲ್ಲಿ ಒಂದು ಅನಂತ ದೂರದಲ್ಲಿದೆಯೆಂದೂ ಭಾವಿಸಿದನು. 1639ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ದೆಸಾರ್ಗ್ ಎಂಬಾತನು ಅದನ್ನು ಸಾಮಾನ್ಯ ನಿಯಮವನ್ನಾಗಿ ಮಾಡಿದನು. ಸಮಾಂತರ ರೇಖೆಗಳ ಒಂದು ಸಮೂಹವು ಅನಂತ ದೂರದ ಒಂದು ಬಿಂದುವಿನಲ್ಲಿ ಸಂಧಿಸುತ್ತದೆಯೆಂದೂ, ಒಂದೇ ಬಿಂದುವಿನ ಮೂಲಕ ಹಾಯುವ ರೇಖಾಸಮೂಹಕ್ಕೂ ಇದಕ್ಕೂ ಭೇದವೆಣಿಸಬೇಕಾಗಿಲ್ಲವೆಂದೂ ಅವನ ಮತ.

ಇದರ ಅಗತ್ಯವೇನಿತ್ತು ಎಂಬುದನ್ನು ಒಂದು ಕಲ್ಪನೆಯಿಂದ ತಿಳಿಯಬಹುದು. ಸಮತಟ್ಟಾದ ಅಂಗಳದಲ್ಲಿ 10 ಮೀಟರ್ ಎತ್ತರದ ಮಾನಸ್ತಂಭವಿದೆಯೆನ್ನಿ. ಅದರ ತುದಿಯಲ್ಲಿ ಒಂದು ಕೀಲು. ಆ ಕೀಲಿಗೆ ಎರಡು ಕಡೆಗೂ ಬೇಕಾದಷ್ಟು ಉದ್ದಕ್ಕೆ ಚಾಚಿರುವ ನೇರವಾದ ಒಂದು ಸರಳು. ಸರಳು ಕಂಬಕ್ಕೆ ಅಂಟಿಕೊಂಡಿರುವಾಗ ಅದು ನೆಲವನ್ನು ಮುಟ್ಟುವುದು ಕಂಬದ ಬುಡದಲ್ಲಿ. ಅದನ್ನು ನಿಧಾನವಾಗಿ ಪೂರ್ವಕ್ಕೆ ತಿರುಗಿಸೋಣ. ಕಂಬದೊಡನೆ 45 ಅಂಶಗಳ ಕೋನವಾದಾಗ ಸರಳು ನೆಲವನ್ನು ಮುಟ್ಟುವ ಸ್ಥಾನ 10 ಮೀಟರ್ ದೂರದಲ್ಲಿ, 80 ಅಂಶಗಳಾದಾಗ ಸುಮಾರು 57 ಮೀಟರ್, 89 ಅಂಶಗಳಾದಾಗ ಸುಮಾರು 573 ಮೀಟರ್, 89.9 ಅಂಶಗಳಾದಾಗ ಐದೂಮುಕ್ಕಾಲು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಸರಿಯಾಗಿ 90 ಅಂಶಗಳಾದಾಗ ಸರಳು ನೆಲಕ್ಕೆ ಸಮಾಂತರವಾಗುತ್ತದೆ, ಎಲ್ಲಿಯೂ ಮುಟ್ಟುವುದಿಲ್ಲ. ಕೂದಲೆಳೆಯಷ್ಟು ಮುಂದೆ ತಿರುಗಿಸಿದರೆ ಸರಳಿನ ಇನ್ನೊಂದು ತೋಳು ಪಶ್ಚಿಮದಲ್ಲಿ ಬಹುದೂರದಲ್ಲೆಲ್ಲೋ ನೆಲವನ್ನು ಮುಟ್ಟುತ್ತದೆ. ಮುಂದೆ ತಿರುಗಿದಂತೆ ಆ ಸ್ಥಾನ ಕಂಬದ ಬುಡದ ಕಡೆಗೆ ಮರಳಿಬರುತ್ತದೆ. ಸರಳಿನ ಪ್ರತಿಯೊಂದು ನಿಲುವಿಗೂ ನೆಲದ ಮೇಲಿನ ರೇಖೆಯಲ್ಲಿ ಒಂದೊಂದು ಬಿಂದು ಉಂಟು. ಒಂದೇ ಒಂದು ನಿಲುವಿಗೆ ಮಾತ್ರ ಇಲ್ಲ. ಆ ಒಂದು ನಿಲುವಿಗೂ ಒಂದು ಬಿಂದುವನ್ನು ಒದಗಿಸಿಕೊಟ್ಟರೆ ಲೆಕ್ಕ ಪೂರ್ಣವಾಗುತ್ತದೆ. ಹಾಗೆ ಒದಗಿಸಿದ ಬಿಂದುವೇ ಅನಂತ ಬಿಂದು. ಪೂರ್ವದ ತುದಿಗೊಂದು, ಪಶ್ಚಿಮದ ತುದಿಗೊಂದು ಬೇಕಾಗಿಲ್ಲ, ಎರಡಕ್ಕೂ ಒಂದೇ ಸಾಕು ಎಂಬುದನ್ನು ಗಮನಿಸಬೇಕು.

ಒಂದು ದಿಕ್ಕಿನ ಎಲ್ಲ ಸಮಾಂತರ ರೇಖೆಗಳಿಗೂ ಸೇರಿ ಒಂದು ಅನಂತ ಬಿಂದು. ಬೇರೆ ದಿಕ್ಕಿಗೆ ಬೇರೆ ಬಿಂದು. ಒಂದು ಸಮತಲದ ಎಲ್ಲ ದಿಕ್ಕುಗಳ ಅನಂತ ಬಿಂದುಗಳು ಸೇರಿ ಒಂದು ಅನಂತ ರೇಖೆ; ಮೂರು ಆಯಾಮಗಳ ಅವಕಾಶದಲ್ಲಿ ಅವೆಲ್ಲ ಸೇರಿ ಒಂದು ಅನಂತ ಸಮತಲ. ಇಷ್ಟನ್ನು ಒಪ್ಪಿಕೊಂಡರೆ ಒಂದು ಸಮತಲದ ಯಾವ ಎರಡು ರೇಖೆಗಳೂ ಒಂದು ಬಿಂದುವಿನಲ್ಲಿ ಸಂಧಿಸುತ್ತವೆ ಎಂಬ ನಿಯಮ ಅಪವಾದವಿಲ್ಲದೆ ನಿಲ್ಲುತ್ತದೆ. ದೀರ್ಘವೃತ್ತ, ಪರವಲಯ, ಅತಿಪರವಲಯಗಳೆಂಬ ಮೂರು ವಕ್ರರೇಖೆಗಳು ಒಂದೇ ಕುಲದವಾಗಿ ಕಾಣುತ್ತವೆ. ಅನಂತ ರೇಖೆಯನ್ನು ಮುಟ್ಟದಿರುವುದು ದೀರ್ಘವೃತ್ತ, ಒಂದು ಬಿಂದುವಿನಲ್ಲಿ ಸ್ಪರ್ಶಿಸುವುದು ಪರವಲಯ, ಎರಡು ಬಿಂದುಗಳಲ್ಲಿ ಛೇದಿಸುವುದು ಅತಿಪರವಲಯ. 1812ರಲ್ಲಿ ನೆಪೋಲಿಯನ್ನನ ಸೈನ್ಯದೊಡನೆ ಹೋಗಿ ರಷ್ಯದಲ್ಲಿ ಸೆರೆಸಿಕ್ಕ ಪಾನ್ಸಲೆ ಎಂಬ ಅಧಿಕಾರಿ ಸೆರೆವಾಸದಲ್ಲಿ, ಕೈಯಲ್ಲಿ ಒಂದು ಪುಸ್ತಕವೂ ಇಲ್ಲದೆ, ಈ ಶಾಸ್ತ್ರವನ್ನು ಚಿಂತಿಸಿ, ಊರಿಗೆ ಮರಳಿದ ಮೇಲೆ 1822ರಲ್ಲಿ ಗ್ರಂಥರೂಪಕ್ಕೆ ತಂದನು. ಪ್ರಕ್ಷೇಪ ರೇಖಾಗಣಿತವೆಂಬುದು ಅಲ್ಲಿಂದ ಸ್ವತಂತ್ರ ಶಾಸ್ತ್ರವಾಗಿ ಬೆಳೆಯಿತು.

ಈಗ ಮಕ್ಕಳ ಪ್ರಶ್ನೆಗೆ ಬರೋಣ. ಆ ಬಿಂದು ಎಲ್ಲಿದೆ? ಲೋಕದಲ್ಲಿಯೋ, ಅಲೋಕದಲ್ಲಿಯೋ? ಒಂದು ಪುದ್ಗಲ ಪರಮಾಣು ಆಕ್ರಮಿಸುವಷ್ಟು ಆಕಾಶಕ್ಕೆ ಪ್ರದೇಶವೆಂದು ಹೆಸರು. ಗಣಿತಜ್ಞರ ಅನಂತ ಬಿಂದು ಆಕಾಶದ ಪ್ರದೇಶವಲ್ಲ. ಎಷ್ಟು ದೂರ ನಡೆದರೂ ಅದು ಸಿಕ್ಕುವುದಿಲ್ಲ. ಅಲೋಕಾಕಾಶದಲ್ಲಿ ಎರಡು ಸಮಾಂತರ ಪ್ರದೇಶಶ್ರೇಣಿಗಳನ್ನು ಭಾವಿಸಿದರೆ ಅವು ಎಲ್ಲಿಯೂ ಕೂಡುವುದಿಲ್ಲ. ಹಾಗಾದರೆ ಅದೇನು? ಅನೇಕ ರೇಖೆಗಳಿಗೆ ಸಮಾನವಾಗಿರುವ ದಿಕ್ಕು ಎಂಬ ಧರ್ಮವನ್ನು ಒಂದು ಬಿಂದುವಿನಲ್ಲಿ ಆರೋಪಿಸಿ, ಇನ್ನು ಮುಂದೆ ಇದನ್ನು ಉಳಿದ ಬಿಂದುಗಳಂತೆಯೇ ವ್ಯವಹರಿಸೋಣವೆಂದು ಗಣಿತಜ್ಞರು ಮಾಡಿಕೊಂಡ ವ್ಯವಸ್ಥೆ ಅದು. ನಮ್ಮ ಶಾಸ್ತ್ರದ ಮಾತಿನಲ್ಲಿ ಇದಕ್ಕೆ ಸರಿಹೊಂದುವ ಶಬ್ದವೊಂದಿದೆ. ಅದು ಸ್ಥಾಪನೆ.

ಬಂಧುಗಳೇ, ಸ್ಥಾಪನೆಯೆಂದರೇನೆಂಬುದನ್ನು ಈ ಮಹೋತ್ಸವದಲ್ಲಿ ಕುಳಿತಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಶಿಲ್ಪಿಯ ಕೈಯಿಂದ ಬಂದ ಶಿಲಾಬಿಂಬದಲ್ಲಿ ವಿಧಿಪೂರ್ವಕವಾಗಿ ಜಿನೇಶ್ವರನನ್ನು ಸ್ಥಾಪಿಸಿ, ಆಮೇಲೆ ಅದನ್ನು ಜಿನನೆಂದೇ ಪೂಜಿಸುತ್ತೇವೆ. ಸಿದ್ಧಪದವನ್ನು ಪಡೆದ ಭಗವಂತನು ಲೋಕಾಗ್ರದಿಂದ ಇಳಿದು ಶಿಲೆಯೊಳಗೆ ಬಂದನೆಂದು ಯಾವ ಜೈನನೂ ತಿಳಿಯುವುದಿಲ್ಲ. ಆದರೂ ಅದು ಬರಿಯ ಹೆಸರಲ್ಲ. ನಾಮಕ್ಕೂ ಸ್ಥಾಪನೆಗೂ ಅಂತರವಿದೆಯೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. ಮಗುವಿಗೆ ಜಿನದತ್ತನೆಂದು ಹೆಸರಿಟ್ಟ ಮಾತ್ರಕ್ಕೆ ಯಾರೂ ಆ ಮಗುವನ್ನು ಪೂಜಿಸುವುದಿಲ್ಲ. ಪ್ರತಿಷ್ಠಿತ ಬಿಂಬದಲ್ಲಿಯಾದರೋ ಆದರವೂ ಆಚರಣೆಯ ನಿಯಮವೂ ಉಂಟು. ಮೂಲವನ್ನು ಹೋಲುವ ಆಕಾರದಲ್ಲಿ ಮಾಡುವುದು ತದಾಕಾರ ಸ್ಥಾಪನೆ; ಚದುರಂಗದ ಕಾಯಿಯನ್ನು ಆನೆಯೆಂದು ಭಾವಿಸುವಂತೆ ಆಕಾರಸಾಮ್ಯವಿಲ್ಲದೆ ಮಾಡುವುದು ಅತದಾಕಾರ ಸ್ಥಾಪನೆ. ಗಣಿತಜ್ಞರ ಅನಂತ ಬಿಂದು ಈ ಎರಡನೆಯ ಬಗೆಯದು. ಚದುರಂಗದ ಆನೆಗೆ ಸೊಂಡಿಲಿಲ್ಲದಿದ್ದರೂ ಅದರ ನಡೆ ನಿಯತವಾಗಿರುವಂತೆ, ಅನಂತ ಬಿಂದುವಿಗೆ ನೆಲೆಯಿಲ್ಲದಿದ್ದರೂ ಅದರ ನಡೆ ನಿಯತವಾಗಿದೆ. ಇದು ನಾನು ಮಾಡುತ್ತಿರುವ ಹೋಲಿಕೆಯೇ ಹೊರತು ಆಚಾರ್ಯರ ವಚನವಲ್ಲ. ಅರ್ಥಮಾಡಿಕೊಳ್ಳಲು ಒಂದು ಸೋಪಾನವೆಂದು ಮಾತ್ರ ಇದನ್ನು ಸ್ವೀಕರಿಸಬೇಕು.

ಹಾಗಾದರೆ ಆಚಾರ್ಯರು ಅನಂತವನ್ನು ಕುರಿತು ಹೇಳಿದ್ದೇನು? ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ಕ್ರಿ.ಶ. 800ರ ಆಸುಪಾಸಿನಲ್ಲಿ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯಲ್ಲಿ ಒಂದು ಪ್ರಸಂಗವಿದೆ. ಮಿಥ್ಯಾದೃಷ್ಟಿ ಜೀವಗಳು ಎಷ್ಟು ಎಂದು ಪ್ರಶ್ನೆ. ಅನಂತ ಎಂದು ಸೂತ್ರದ ಉತ್ತರ. ಟೀಕಾಕಾರರು ಅಲ್ಲಿಗೆ ತೃಪ್ತರಾಗುವುದಿಲ್ಲ. ಅನಂತವೆಂದರೆ ಯಾವ ಅನಂತ ಎಂದು ಕೇಳುತ್ತಾರೆ. ಕೇಳಿ ಹನ್ನೊಂದು ಬಗೆಗಳನ್ನು ಬಿಡಿಸಿಡುತ್ತಾರೆ: ನಾಮಾನಂತ, ಸ್ಥಾಪನಾನಂತ, ದ್ರವ್ಯಾನಂತ, ಶಾಶ್ವತಾನಂತ, ಗಣನಾನಂತ, ಅಪ್ರದೇಶಿಕಾನಂತ, ಏಕಾನಂತ, ಉಭಯಾನಂತ, ವಿಸ್ತಾರಾನಂತ, ಸರ್ವಾನಂತ, ಭಾವಾನಂತ. ಮರ, ಚಿತ್ರ ಮುಂತಾದವುಗಳಲ್ಲಿ ಇದು ಅನಂತವೆಂದು ಆರೋಪಿಸುವುದು ಸ್ಥಾಪನಾನಂತ. ಲೋಕಮಧ್ಯದಿಂದ ಆಕಾಶಪ್ರದೇಶಗಳ ಒಂದು ಶ್ರೇಣಿಯನ್ನು ಒಂದೇ ದಿಕ್ಕಿನಲ್ಲಿ ನೋಡಿದಾಗ ಕೊನೆ ಕಾಣದಿರುವುದು ಏಕಾನಂತ. ಎರಡು ದಿಕ್ಕುಗಳಲ್ಲಿಯೂ ನೋಡಿದಾಗ ಕೊನೆಯಿಲ್ಲದಿರುವುದು ಉಭಯಾನಂತ. ಆಕಾಶವನ್ನು ಪ್ರತರರೂಪವಾಗಿ, ಅಂದರೆ ಹಾಸಿನಂತೆ, ನೋಡಿದಾಗಿನದು ವಿಸ್ತಾರಾನಂತ. ಘನರೂಪವಾಗಿ ನೋಡಿದಾಗಿನದು ಸರ್ವಾನಂತ. ಇಷ್ಟನ್ನು ಹೇಳಿ, ಪ್ರಕೃತಕ್ಕೆ ಬೇಕಾದುದು ಗಣನಾನಂತ ಮಾತ್ರವೆಂದು ನಿರ್ಣಯಿಸುತ್ತಾರೆ. ಅಪ್ರಕೃತವನ್ನು ನಿವಾರಿಸಿ ಪ್ರಕೃತವನ್ನು ನಿರೂಪಿಸುವುದೇ ನಿಕ್ಷೇಪದ ಪ್ರಯೋಜನ.

ರೇಖೆ, ಸಮತಲ, ಘನ ಎಂಬ ಕ್ರಮ ಇಲ್ಲಿಯೂ ಇದೆ, ಪ್ರಕ್ಷೇಪ ರೇಖಾಗಣಿತದಲ್ಲಿಯೂ ಇದೆ. ಈ ಸಾಮ್ಯವನ್ನು ಕಂಡು ಹರ್ಷಪಡುವುದು ಸಹಜ. ಆದರೆ ವೀರಸೇನರ ಶಿಷ್ಯರೆನಿಸಿಕೊಳ್ಳಬೇಕಾದರೆ ನಾವೂ ಯಾವ ಅನಂತ ಎಂದು ಕೇಳಲೇಬೇಕು. ವೀರಸೇನರು ಹೇಳುವುದು ಅಂತ್ಯದ ಅಭಾವವನ್ನು. ದೆಸಾರ್ಗನು ಮಾಡಿದ್ದು ಅಂತ್ಯವಿಲ್ಲದ ರೇಖೆಗೆ ಒಂದು ಬಿಂದುವನ್ನು ಸೇರಿಸಿಕೊಟ್ಟದ್ದು. ವೀರಸೇನರಲ್ಲಿ ಒಂದು ದಿಕ್ಕಿನ ಅನಂತ ಬೇರೆ, ಎರಡು ದಿಕ್ಕುಗಳ ಅನಂತ ಬೇರೆ. ದೆಸಾರ್ಗನಲ್ಲಿ ಎರಡು ದಿಕ್ಕುಗಳೂ ಒಂದೇ ಬಿಂದುವಿನಲ್ಲಿ ಕೂಡಿಕೊಳ್ಳುತ್ತವೆ. ಆದುದರಿಂದ ಏಕಾನಂತವೇ ಅನಂತ ಬಿಂದು ಎನ್ನಲಾಗದು. ಫ್ಲಾರೆನ್ಸಿನ ಚಿತ್ರಪಟದ ಚುಕ್ಕೆಯನ್ನು ಈ ಹನ್ನೊಂದರಲ್ಲಿ ಎಲ್ಲಿಯಾದರೂ ಇಡಬೇಕಾದರೆ, ಚಿತ್ರದಲ್ಲಿ ಆರೋಪಿತವಾದ ಸ್ಥಾಪನಾನಂತದಲ್ಲಿ ಇಡುವುದು ಯುಕ್ತ.

ಸಂಖ್ಯೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ನಮ್ಮ ಆಚಾರ್ಯರು ಸಂಖ್ಯಾತದಲ್ಲಿ 3, ಅಸಂಖ್ಯಾತದಲ್ಲಿ 9, ಅನಂತದಲ್ಲಿ 9, ಒಟ್ಟು 21 ಭೇದಗಳನ್ನು ಹೇಳಿದ್ದಾರೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರದಲ್ಲಿ ಇವುಗಳ ವಿವರಣೆಯಿದೆ. ಜರ್ಮನಿಯ ಗಣಿತಜ್ಞ ಕ್ಯಾಂಟರ್ 1874ರಲ್ಲಿ ಅನಂತಗಳಲ್ಲಿಯೂ ಹಿರಿದು ಕಿರಿದೆಂಬ ಭೇದವುಂಟೆಂಬುದಕ್ಕೆ ಸಾಧನೆ ಕೊಟ್ಟನು. ಅನಂತ ಒಂದೇ ಅಲ್ಲವೆಂಬ ಮಾತನ್ನು ಅದಕ್ಕಿಂತ ಎಷ್ಟೋ ಶತಮಾನಗಳ ಹಿಂದೆ ಹೇಳಿದ್ದು ನಮ್ಮ ಪರಂಪರೆಗೆ ಸಲ್ಲಬೇಕಾದ ಗೌರವ. ಆದರೆ ನಮ್ಮ ಗಣನೆಯಲ್ಲಿ ಒಂದು ಭೇದದ ಉತ್ಕೃಷ್ಟಕ್ಕೆ ಒಂದನ್ನು ಕೂಡಿಸಿದರೆ ಮುಂದಿನ ಭೇದದ ಜಘನ್ಯ ದೊರೆಯುತ್ತದೆ. ಕ್ಯಾಂಟರನ ಅನಂತ ಗಣಕ್ಕೆ ಒಂದನ್ನು ಕೂಡಿಸಿದರೆ ಅದರ ಪ್ರಮಾಣ ಬದಲಾಗುವುದೇ ಇಲ್ಲ. ಎರಡೂ ಸೋಪಾನಗಳೇ, ಆದರೆ ಮೆಟ್ಟಿಲುಗಳ ಅಳತೆ ಬೇರೆ.

ಇನ್ನೊಂದು ಭ್ರಾಂತಿಯನ್ನೂ ನಿವಾರಿಸಬೇಕು. ಸಿದ್ಧಲೋಕವನ್ನು ಅನಂತ ದೂರದಲ್ಲಿರುವ ಒಂದು ಸ್ಥಾನವೆಂದು ಭಾವಿಸುವವರುಂಟು. ನಮ್ಮ ಕರಣಾನುಯೋಗ ಹಾಗೆ ಹೇಳುವುದಿಲ್ಲ. ಲೋಕದ ಎತ್ತರ 14 ರಜ್ಜು. ಅಗಲ ಬುಡದಲ್ಲಿ 7 ರಜ್ಜು, ಮಧ್ಯದಲ್ಲಿ 1, ಬ್ರಹ್ಮಲೋಕದ ಬಳಿ 5, ತುದಿಯಲ್ಲಿ 1. ದಪ್ಪ ಎಲ್ಲೆಡೆಯೂ 7. ಕೆಳಗಿನ ಅರ್ಧದ ಕ್ಷೇತ್ರಫಲ 28, ಮೇಲಿನ ಅರ್ಧದ್ದು 21, ಒಟ್ಟು 49. ಅದನ್ನು 7ರಿಂದ ಗುಣಿಸಿದರೆ 343 ಘನರಜ್ಜು. ಶಾಲೆಯಲ್ಲಿ ತ್ರಾಪಿಜ್ಯದ ಕ್ಷೇತ್ರಫಲ ಕಲಿತ ಬಾಲಕನೂ ಈ ಲೆಕ್ಕವನ್ನು ಮಾಡಿ ತಾಳೆನೋಡಬಹುದು. ಈ ಪರಿಮಿತ ಲೋಕದ ಅಗ್ರದಲ್ಲಿ ಸಿದ್ಧರು ನೆಲಸಿದ್ದಾರೆ. ಅಲ್ಲಿಂದಾಚೆಗೆ ಧರ್ಮದ್ರವ್ಯವಿಲ್ಲದುದರಿಂದ ಗತಿಯಿಲ್ಲ. ಅವರ ಸ್ಥಾನ ಪರಿಮಿತ. ಅನಂತವಾಗಿರುವುದು ಅವರ ಜ್ಞಾನ, ದರ್ಶನ, ಸುಖ, ವೀರ್ಯ. ಅನಂತವು ದೂರದಲ್ಲಿಲ್ಲ, ಗುಣದಲ್ಲಿದೆ ಎಂಬ ಈ ಮಾತನ್ನು ಮರೆತು ಸಿದ್ಧಶಿಲೆಯನ್ನು ರೇಖಾಗಣಿತದ ಅನಂತ ಬಿಂದುವಿಗೆ ಹೋಲಿಸಿದರೆ ಹೊಗಳಲು ಹೋಗಿ ಸಿದ್ಧಾಂತವನ್ನೇ ಕೆಡಿಸಿದಂತಾಗುತ್ತದೆ.

ವೀರಸೇನರ ಶಿಷ್ಯರಾದ ಜಿನಸೇನಾಚಾರ್ಯರನ್ನು ಗುರುವೆಂದು ಗೌರವಿಸಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಭಿನ್ನರಾಶಿ, ಶ್ರೇಢಿ, ವಿಕಲ್ಪಗಣಿತಗಳಲ್ಲಿ ಅವರ ಸಾಧನೆ ಲೋಕವಿದಿತ. ಒಂದು ರಾಶಿಯನ್ನು ಶೂನ್ಯದಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಯೆಂದು ಅವರು ಹೇಳಿದ್ದಾರೆ. ಇಂದಿನ ಗಣಿತ ಇದನ್ನು ಒಪ್ಪುವುದಿಲ್ಲ. ಸಾಮಾನ್ಯ ಅಂಕಗಣಿತದಲ್ಲಿ ಶೂನ್ಯದಿಂದ ಭಾಗಿಸುವುದೇ ನಿಷಿದ್ಧ. ಸಂಖ್ಯಾರೇಖೆಗೆ ಒಂದು ಅನಂತ ಬಿಂದುವನ್ನು ಸೇರಿಸಿದಲ್ಲಿ ಮಾತ್ರ ಒಂದನ್ನು ಶೂನ್ಯದಿಂದ ಭಾಗಿಸಿದ ಫಲ ಆ ಬಿಂದುವೆಂದು ಹೇಳಬಹುದು, ಅಲ್ಲಿಯೂ ಶೂನ್ಯವನ್ನು ಶೂನ್ಯದಿಂದ ಭಾಗಿಸಲಾಗದು. ಇದನ್ನು ಸಭೆಯಲ್ಲಿ ಹೇಳಲು ಸಂಕೋಚಪಡಬೇಕಾಗಿಲ್ಲ. ಛದ್ಮಸ್ಥರ ರಚನೆಯಲ್ಲಿ ತಿದ್ದುಪಡಿಗೆ ಎಡೆಯುಂಟೆಂದು ಒಪ್ಪುವುದು ನಮ್ಮ ಪರಂಪರೆಯ ವಿನಯವೇ. ಹನ್ನೊಂದು ಶತಮಾನಗಳ ಮೇಲೂ ವಿದ್ವಾಂಸರು ಓದಿ ಪರೀಕ್ಷಿಸುತ್ತಿರುವ ಗ್ರಂಥವನ್ನು ಕೊಟ್ಟ ಆಚಾರ್ಯರ ಹಿರಿಮೆ ಇದರಿಂದ ಕುಂದುವುದಿಲ್ಲ.

ಹಾಗಾದರೆ ಸಮಾಂತರ ರೇಖೆಗಳು ಸಂಧಿಸುತ್ತವೆಯೋ ಇಲ್ಲವೋ? ಯೂಕ್ಲಿಡನ ನಯದಿಂದ ಸಂಧಿಸುವುದಿಲ್ಲ. ದೆಸಾರ್ಗನ ನಯದಿಂದ ಸಂಧಿಸುತ್ತವೆ. ಒಂದು ಗಣಿತದಲ್ಲಿ ಸಮತಲಕ್ಕೆ ಸೇರಿಸುವ ಅನಂತ ಬಿಂದುಗಳು ಸೇರಿ ಒಂದು ರೇಖೆಯೇ ಆದರೆ, ರೀಮಾನ್ ಎಂಬ ಗಣಿತಜ್ಞನ ಹೆಸರಿನ ಗೋಳದಲ್ಲಿ ಸಮತಲಕ್ಕೆಲ್ಲ ಸೇರಿ ಅನಂತ ಬಿಂದು ಒಂದೇ. ಇವು ಪರಸ್ಪರ ವಿರುದ್ಧವಲ್ಲ, ಏಕೆಂದರೆ ಪ್ರತಿಯೊಂದೂ ತನ್ನ ಅಪೇಕ್ಷೆಯನ್ನು ಮೊದಲೇ ತಿಳಿಸಿ ಆಮೇಲೆ ಮಾತನಾಡುತ್ತದೆ. ನಯವೆಂದರೆ ಯಾರಿಗೆ ಹೇಗೆ ತೋರಿತೋ ಹಾಗೆ ಹೇಳುವ ಸ್ವಾತಂತ್ರ್ಯವಲ್ಲ. ಯಾವ ಅಪೇಕ್ಷೆಯಿಂದ ಹೇಳುತ್ತಿದ್ದೇನೆಂದು ಘೋಷಿಸಿ ಅದಕ್ಕೆ ಬದ್ಧವಾಗಿ ನಡೆಯುವ ಕಟ್ಟುಪಾಡು ಅದು. ಅನೇಕಾಂತವನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಸ್ವಚ್ಛವಾದ ಉದಾಹರಣೆ ದೊರೆಯುವುದು ಅಪರೂಪ.

ಕೊನೆಯದಾಗಿ ಒಂದು ವಿಜ್ಞಾಪನೆ. ದೆಸಾರ್ಗನ ಗ್ರಂಥದ ಪ್ರತಿಗಳು ಅಚ್ಚಾದದ್ದು ಸುಮಾರು 50 ಮಾತ್ರ. ಕಾಲಕ್ರಮದಲ್ಲಿ ಅವು ಕಣ್ಮರೆಯಾದವು. ಲಾ ಹಿರ್ ಎಂಬ ಗಣಿತಜ್ಞ 1679ರಲ್ಲಿ ತನ್ನ ಕೈಯಾರೆ ಮಾಡಿಕೊಂಡಿದ್ದ ಒಂದು ಪ್ರತಿ 1845ರಲ್ಲಿ ಪ್ಯಾರಿಸ್ಸಿನಲ್ಲಿ ಶಾಲ್ ಎಂಬ ವಿದ್ವಾಂಸನಿಗೆ ದೊರೆತುದರಿಂದ ಆ ಗ್ರಂಥ ಮತ್ತೆ ಬೆಳಕಿಗೆ ಬಂತು. ಈ ವೃತ್ತಾಂತ ನಮಗೆ ಹೊಸದೇನೂ ಅಲ್ಲ. ಧವಲಾ ಟೀಕೆ ಉಳಿದುಬಂದದ್ದು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಶತಮಾನಗಳ ಕಾಲ ಅದು ದರ್ಶನದ ವಸ್ತುವಾಗಿತ್ತು, ಅಧ್ಯಯನದ ವಸ್ತುವಾಗಿರಲಿಲ್ಲ. ಪ್ರತಿಮಾಡುವ ಕಾರ್ಯ ನಡೆದು, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಅದು ಅಚ್ಚಾಗತೊಡಗಿದ ಮೇಲೆಯೇ ಗಣಿತಜ್ಞರು ಅದನ್ನು ಕಂಡರು. 1942ರಲ್ಲಿ ಲಕ್ನೋ ವಿಶ್ವವಿದ್ಯಾಲಯದ ಅವಧೇಶ ನಾರಾಯಣ ಸಿಂಹರು ಅದರ ಗಣಿತವನ್ನು ಕುರಿತು ಬರೆದ ಲೇಖನದಿಂದ ಹನ್ನೊಂದು ಅನಂತಗಳ ವಿಷಯ ಗಣಿತದ ಇತಿಹಾಸಕಾರರಿಗೆ ತಿಳಿಯಿತು. ಕನ್ನಡ ಅನುವಾದದೊಡನೆ ಗಣಿತಸಾರಸಂಗ್ರಹವು 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಗರಿಗಳಿಗೆ ಅರ್ಘ್ಯವೆತ್ತಿದ ಹಿರಿಯರು ಅವನ್ನು ಉಳಿಸಿಕೊಟ್ಟರು. ಓದಿದವರು ಅವಕ್ಕೆ ಮಾತು ಕೊಟ್ಟರು. ಎರಡೂ ಶ್ರುತಭಕ್ತಿಯೇ.

ಜಿನಬಿಂಬ ಪ್ರತಿಷ್ಠೆಗಾಗಿ ಉದಾರವಾಗಿ ದಾನಮಾಡಿದ ಈ ಸಮಾಜವು ಬಸದಿಯ ಒಂದು ಕೋಣೆಯನ್ನು ಶಾಸ್ತ್ರಭಂಡಾರಕ್ಕಾಗಿ ಮೀಸಲಿಡಲಿ. ಅಲ್ಲಿ ಮೇಜು, ಕುರ್ಚಿ, ದೀಪಗಳಿರಲಿ. ಗ್ರಂಥಗಳ ಕಪಾಟಿಗೆ ಬೀಗವಿದ್ದರೂ ಬೀಗದ ಕೈ ಸುಲಭವಾಗಿ ದೊರೆಯುವಂತಿರಲಿ. ಗಣಿತ ಕಲಿತ ನಮ್ಮ ಯುವಕ ಯುವತಿಯರು ಪ್ರಾಕೃತವನ್ನೂ, ಪ್ರಾಕೃತ ಬಲ್ಲ ಪಂಡಿತರು ಅವರಿಂದ ಇಂದಿನ ಗಣಿತವನ್ನೂ ಕಲಿಯುವಂತಾಗಲಿ. ಅನಂತವೆಂಬ ಮಾತು ಕಿವಿಗೆ ಬಿದ್ದಾಗ ಕೈಮುಗಿದು ಸುಮ್ಮನಾಗದೆ, ವೀರಸೇನರಂತೆ ಯಾವ ಅನಂತ ಎಂದು ಕೇಳುವ ಒಂದು ಮಗು ಈ ಊರಿನಲ್ಲಿ ಬೆಳೆದರೆ ಇಂದಿನ ಪ್ರತಿಷ್ಠೆಯೊಡನೆ ಜಿನವಾಣಿಯ ಪ್ರತಿಷ್ಠೆಯೂ ನೆರವೇರಿದಂತಾಗುತ್ತದೆ.